ಮಲೆನಾಡಿನ ವಾಹನಗಳ ಅಡಿಭಾಗಕ್ಕೆ ಹಿಡಿಯುವ ತುಕ್ಕು ಮತ್ತು ಅದರ ನಿವಾರಣೋಪಾಯಗಳು

ಕಾಫಿಯ ಸೀಮೆಯಲ್ಲಿ ತುಕ್ಕು ಎಂದೊಡನೆ ಮೊದಲು ಮನಸ್ಸಿಗೆ ಬರುವುದು ಎಲೆಯ ತುಕ್ಕುರೋಗವು. ೧೮೬೯ರಲ್ಲಿ ಸಿಂಹಳದ್ವೀಪದಲ್ಲಿ ಕಾಣಿಸಿಕೊಂಡು ಅಲ್ಲಿಯ ಕಾಫಿ ಬೇಸಾಯವನ್ನೇ ಹಾಳುಮಾಡಿದ ಈ ರೋಗವು ನಮ್ಮ ಬೆಟ್ಟಗಳಿಗೂ ಬಂದು ನೆಲೆಸಿತು. ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಸ್ಥಾಪಿತವಾದ ಕಾಫಿ ಪ್ರಯೋಗಕ್ಷೇತ್ರದಲ್ಲಿ ಇದನ್ನು ತಡೆಯಬಲ್ಲ ತಳಿಗಳಿಗಾಗಿ ಬಹುಕಾಲ ಶ್ರಮಿಸಿದ್ದಾರೆ. ಮೈಲುತುತ್ತ ಮತ್ತು ಸುಣ್ಣವನ್ನು ಕಲಸಿದ ಬೋರ್ಡೋ ಮಿಶ್ರಣದ ಹೆಸರನ್ನು ಕೇಳದ ಬೆಳೆಗಾರನು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಗಳಲ್ಲಿ ಒಬ್ಬನೂ ಇರಲಾರನು.

ಗಿಡದ ತುಕ್ಕಿನ ವಿಷಯದಲ್ಲಿ ಇಷ್ಟು ಎಚ್ಚರದಿಂದಿರುವ ನಾವು, ಆ ಮೈಲುತುತ್ತವನ್ನೂ ಗೊಬ್ಬರವನ್ನೂ ಹೊತ್ತು ತರುವ ಜೀಪು, ಪಿಕಪ್ಪು, ಟ್ರಾಕ್ಟರು ಟ್ರೈಲರುಗಳಿಗೆ ಹಿಡಿಯುವ ತುಕ್ಕನ್ನು ಮಾತ್ರ ದೈವಾಧೀನವೆಂದು ಬಿಟ್ಟಿರುತ್ತೇವೆ. ವಾಹನದ ಮೇಲ್ಮೈಯನ್ನು ತೊಳೆದು ಒರೆಸಿ ಹೊಳೆಯುವಂತೆ ಇಡುವವರು ಅನೇಕರು. ಅದರ ಹೊಟ್ಟೆಯ ಕೆಳಗೆ ಬಗ್ಗಿ ನೋಡುವವರು ಕೆಲವರು ಮಾತ್ರ. ವಾಹನವು ಸಾಯುವುದಾದರೋ ಅಡಿಯಿಂದಲೇ. ಇದು ಹಣದ ನಷ್ಟವೊಂದೇ ಆಗಿದ್ದರೆ ಇಷ್ಟು ವಿಸ್ತಾರವಾಗಿ ಬರೆಯುವ ಅಗತ್ಯವಿರಲಿಲ್ಲ. ಘಾಟಿಯ ರಸ್ತೆಗಳಲ್ಲಿ ಓಡುವ ವಾಹನದ ಅಡಿಭಾಗದ ತುಕ್ಕು ಪ್ರಾಣಕ್ಕೆ ಸಂಬಂಧಿಸಿದ ವಿಷಯವಾದುದರಿಂದ, ಗ್ರಾಮದ ಮುಖಂಡರೂ ಹಿಡುವಳಿದಾರರೂ ಇದಕ್ಕೆ ಗಮನಕೊಡಬೇಕೆಂದು ಕೋರಲಾಗಿದೆ.

ಹಿಮದ ದೇಶದ ಉಪ್ಪು, ನಮ್ಮ ನಾಡಿನ ಉಪ್ಪು

ಉತ್ತರ ಯೂರೋಪು, ಅಮೆರಿಕ ಮೊದಲಾದ ಶೀತಪ್ರದೇಶಗಳಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟುವುದು. ಉಪ್ಪು ಬೆರೆತ ನೀರು ಬೇಗನೆ ಹೆಪ್ಪುಗಟ್ಟದಾದುದರಿಂದ ಅಲ್ಲಿಯವರು ರಸ್ತೆಗಳಿಗೆ ಉಪ್ಪನ್ನು ಎರಚುವರು. ಈ ಉಪ್ಪುನೀರು ಗಾಲಿಗಳಿಂದ ಸಿಡಿದು ವಾಹನದ ಅಡಿಯಲ್ಲೆಲ್ಲಾ ಅಂಟಿಕೊಂಡು ಕಬ್ಬಿಣವನ್ನು ತಿನ್ನುವುದು. ಅಲ್ಲಿ ಇದೊಂದು ದೊಡ್ಡ ಪಿಡುಗು. ನಮ್ಮಲ್ಲಿ ಹಿಮವೂ ಇಲ್ಲ, ರಸ್ತೆಗೆ ಉಪ್ಪು ಹಾಕುವ ಪದ್ಧತಿಯೂ ಇಲ್ಲ. ಹಾಗೆಂದು ನಮ್ಮ ವಾಹನಗಳು ಉಪ್ಪಿನಿಂದ ಪಾರಾಗಿವೆಯೆಂದು ತಿಳಿಯುವುದು ತಪ್ಪು. ನಾವು ಉಪ್ಪನ್ನು ರಸ್ತೆಗೆ ಹಾಕುವುದಿಲ್ಲ, ವಾಹನದೊಳಕ್ಕೇ ತುಂಬುತ್ತೇವೆ.

ಮೊದಲನೆಯದು ರಾಸಾಯನಿಕ ಗೊಬ್ಬರ. ಕಾಫಿಗೂ ಅಡಿಕೆಗೂ ಹಾಕುವ ಕೆಂಪು ಅಥವಾ ಬಿಳಿಯ ಪೊಟ್ಯಾಷ್ ಗೊಬ್ಬರವು ಅಡಿಗೆಯ ಉಪ್ಪಿನ ದಾಯಾದಿ. ಇದರ ತೂಕದಲ್ಲಿ ನೂರಕ್ಕೆ ಸುಮಾರು ೪೫ ಭಾಗ ಕ್ಲೋರೈಡ್ ಇರುವುದು. ಎಂದರೆ ೫೦ ಕಿಲೋಗ್ರಾಮಿನ ಒಂದು ಚೀಲದಲ್ಲಿ ೨೦ ಕಿಲೋಗ್ರಾಮಿಗೆ ಮೀರಿ. ಹಿಮದ ದೇಶದ ರಸ್ತೆಯ ಉಪ್ಪಿನಲ್ಲಿ ಕಬ್ಬಿಣಕ್ಕೆ ಶತ್ರುವಾದ ಅಂಶವೂ ಈ ಕ್ಲೋರೈಡೇ. ಯೂರಿಯವು ಗಾಳಿಯ ತೇವವನ್ನು ಹೀರಿಕೊಂಡು ಕರಗಿ, ಬಿದ್ದ ಜಾಗವನ್ನು ಸದಾ ಒದ್ದೆಯಾಗಿಡುವುದು. ಅಮೋನಿಯಂ ಸಲ್ಫೇಟು ನೀರಿನಲ್ಲಿ ಹುಳಿಯ ಗುಣವನ್ನು ತೋರಿಸುವುದು. ಹರಿದ ಚೀಲದಿಂದ ಸೋರಿದ ಹಿಡಿಯಷ್ಟು ಗೊಬ್ಬರವು ತಗಡಿನ ಸಂದುಗಳಲ್ಲಿ ಸೇರಿಕೊಂಡರೆ, ಮಳೆಗಾಲ ಮುಗಿಯುವವರೆಗೂ ಅಲ್ಲಿಯೇ ಕುಳಿತು ತನ್ನ ಕೆಲಸವನ್ನು ಮಾಡುತ್ತಿರುವುದು.

ಎರಡನೆಯದು ಮೈಲುತುತ್ತ. ಬೋರ್ಡೋ ಮಿಶ್ರಣಕ್ಕೆ ಸುಣ್ಣ ಸಾಕಾಗಿದೆಯೇ ಎಂದು ಪರೀಕ್ಷಿಸಲು ಉಜ್ಜಿದ ಚಾಕುವಿನ ಅಲಗನ್ನು ಅದರಲ್ಲಿ ಅದ್ದಿ ನೋಡುವ ಕ್ರಮವು ಬೆಳೆಗಾರರಿಗೆ ತಿಳಿದದ್ದೇ. ಅಲಗಿನ ಮೇಲೆ ತಾಮ್ರದ ಕೆಂಪು ಬಣ್ಣ ಕುಳಿತರೆ ಸುಣ್ಣವು ಕಡಿಮೆಯೆಂದು ತಿಳಿದು ಇನ್ನಷ್ಟು ಸೇರಿಸುತ್ತೇವೆ. ಆ ಕೆಂಪು ಎಲ್ಲಿಂದ ಬಂತು? ದ್ರಾವಣದ ತಾಮ್ರವು ಅಲಗಿನ ಮೇಲೆ ಕುಳಿತು, ಅದಕ್ಕೆ ಪ್ರತಿಯಾಗಿ ಅಲಗಿನ ಕಬ್ಬಿಣವು ಕರಗಿಹೋಗಿರುತ್ತದೆ. ಜೀಪಿನಲ್ಲಿ ಡ್ರಮ್ಮಿನಿಂದ ತುಳುಕಿದ ಮೈಲುತುತ್ತದ ನೀರು ತಗಡಿಗೆ ಮಾಡುವುದೂ ಇದನ್ನೇ. ಸಾಲದುದಕ್ಕೆ, ಕುಳಿತ ತಾಮ್ರದ ಸುತ್ತಲಿನ ಕಬ್ಬಿಣವು ಇನ್ನಷ್ಟು ಶೀಘ್ರವಾಗಿ ಕೆಡುವುದು.

ಮೂರನೆಯದು ಸಮುದ್ರದ ಉಪ್ಪು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನಿಳಿದು ಮಂಗಳೂರಿಗೆ ಹೋಗಿಬರುವ ವಾಹನಗಳು ಕಡಲತೀರದ ಉಪ್ಪುಗಾಳಿಗೆ ಸಿಕ್ಕುವುವು. ಮೀನು ಮತ್ತು ಮಂಜುಗಡ್ಡೆಯನ್ನು ತುಂಬಿಕೊಂಡು ಘಾಟಿ ಹತ್ತುವ ಗಾಡಿಗಳಿಂದ ಉಪ್ಪುನೀರು ರಸ್ತೆಗೆ ಸೋರುವುದುಂಟು; ಹಿಂದೆ ಬರುವವರ ಅಡಿಭಾಗಕ್ಕೆ ಅದೇ ಸಿಡಿಯುವುದು. ಒಣಮೀನನ್ನೋ ಉಪ್ಪಿನ ಮೂಟೆಯನ್ನೋ ಸ್ವಂತ ಪಿಕಪ್ಪಿನಲ್ಲಿ ತರುವವರಂತೂ ಅಂದೇ ತೊಳೆಯದಿದ್ದರೆ ಕೆಟ್ಟಿತೆಂದೇ ತಿಳಿಯಬೇಕು.

ಇವೆಲ್ಲಕ್ಕೂ ಬೆಂಬಲವಾಗಿ ನಿಂತಿರುವುದು ನಮ್ಮ ಮಳೆ. ಮೂಡಿಗೆರೆಯ ಪಶ್ಚಿಮದ ಘಟ್ಟದಂಚಿನ ಗ್ರಾಮಗಳಲ್ಲಿಯೂ ಕಳಸದ ಸೀಮೆಯಲ್ಲಿಯೂ ವರ್ಷಕ್ಕೆ ೧೦೦ ಅಂಗುಲವನ್ನು, ಎಂದರೆ ಸುಮಾರು ೨,೫೦೦ ಮಿಲಿಮೀಟರನ್ನು ಮೀರಿದ ಮಳೆಯು ಹೊಸತೇನಲ್ಲ. ಆರಿದ್ರೆಯಿಂದ ಆಶ್ಲೇಷದವರೆಗೆ ಬಿಸಿಲನ್ನು ಕಾಣದ ದಿನಗಳೇ ಹೆಚ್ಚು. ತೋಟದ ಕೆಸರು ಮಡ್‌ಗಾರ್ಡಿನ ಒಳಗೆ ಗೂಡುಕಟ್ಟಿ, ಕೊಳೆತ ಎಲೆಗಳೊಡನೆ ಸೇರಿ, ಒದ್ದೆಯ ಹತ್ತಿಯಂತೆ ತಿಂಗಳುಗಟ್ಟಲೆ ನೀರನ್ನು ಹಿಡಿದಿಡುವುದು. ಉಪ್ಪಿಲ್ಲದೆಯೂ ಇಷ್ಟೇ ಸಾಕು. ಉಪ್ಪು ಸೇರಿದರೆ ಹೇಳತಕ್ಕದ್ದೇನು?

ತುಕ್ಕು ಹಿಡಿಯುವ ಬಗೆ

ನಮ್ಮ ಜಿಲ್ಲೆಯ ಕೆಮ್ಮಣ್ಣುಗುಂಡಿಯ ಹೆಸರೇ ತುಕ್ಕಿನ ಕಥೆಯನ್ನು ಹೇಳುವುದು. ಆ ಬೆಟ್ಟದ ಕೆಂಪು ಮಣ್ಣು ಕಬ್ಬಿಣದ ಅದಿರು. ೧೯೨೩ರಲ್ಲಿ ಭದ್ರಾವತಿಯಲ್ಲಿ ಪ್ರಾರಂಭವಾದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಹಿಂದೆ ಅಲ್ಲಿಯ ಅದಿರು ಹೋಗುತ್ತಿತ್ತು. ಅದಿರಿನಲ್ಲಿ ಕಬ್ಬಿಣವೂ ಆಮ್ಲಜನಕವೂ ಕೂಡಿಕೊಂಡಿರುತ್ತವೆ. ಕುಲುಮೆಯ ಮಹಾಗ್ನಿಯಿಂದ ಆಮ್ಲಜನಕವನ್ನು ಬೇರ್ಪಡಿಸಿದಾಗ ಕಬ್ಬಿಣವು ದೊರೆಯುವುದು. ಆದರೆ ಕಬ್ಬಿಣವು ನೀರೂ ಗಾಳಿಯೂ ಸಿಕ್ಕಿದ ಕೂಡಲೇ ಪುನಃ ಆಮ್ಲಜನಕವನ್ನು ಸೇರಿಕೊಂಡು ಮಣ್ಣಾಗಲು ಯತ್ನಿಸುವುದು. ಇದೇ ತುಕ್ಕು.

ಇದರಿಂದ ಮೂರು ಸಂಗತಿಗಳನ್ನು ತಿಳಿಯಬಹುದು. ನೀರು ಮತ್ತು ಗಾಳಿ ಎರಡೂ ಇದ್ದರೆ ಮಾತ್ರ ತುಕ್ಕು. ಒಂದನ್ನು ತಡೆದರೂ ಅದು ನಿಲ್ಲುವುದು. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಸುಲಭವಾಗಿ ಹಾಯಿಸುವುದರಿಂದ ಈ ಕ್ರಿಯೆಯು ಬಹು ತೀವ್ರವಾಗುವುದು. ಕಬ್ಬಿಣಕ್ಕಿಂತ ತುಕ್ಕು ಹೆಚ್ಚು ಸ್ಥಳವನ್ನು ಬೇಡುವುದು. ಆದುದರಿಂದ ಬಣ್ಣದ ಕೆಳಗೆ ಸೇರಿದ ತುಕ್ಕು ಬಣ್ಣವನ್ನು ಬೊಬ್ಬೆಯಂತೆ ಎಬ್ಬಿಸುವುದು, ಎರಡು ತಗಡುಗಳ ನಡುವೆ ಸೇರಿದ ತುಕ್ಕು ಅವುಗಳನ್ನು ಬೇರೆಬೇರೆಯಾಗಿ ಸೀಳುವುದು. ಮೇಲೆ ಚಿಕ್ಕ ಬೊಬ್ಬೆ ಕಂಡರೆ ಒಳಗೆ ದೊಡ್ಡ ಹುಣ್ಣಿದೆಯೆಂದೇ ಭಾವಿಸತಕ್ಕದ್ದು.

ಮುಖ್ಯವಾಗಿ ನೋಡತಕ್ಕ ಸ್ಥಳಗಳು

ಎಲ್ಲಕ್ಕಿಂತ ಮೊದಲು ನೋಡತಕ್ಕದ್ದು ಬ್ರೇಕಿನ ಎಣ್ಣೆ ಹರಿಯುವ ಉಕ್ಕಿನ ಕೊಳವೆಗಳು. ಇವು ಬೆರಳಿಗಿಂತಲೂ ಸಣ್ಣವು. ಚಾಸಿಯ ಪಕ್ಕದಲ್ಲಿ ಹಾದು, ಕ್ಲಿಪ್ಪುಗಳಿಂದ ಹಿಡಿದಿರಲ್ಪಟ್ಟಿರುತ್ತವೆ. ಆ ಕ್ಲಿಪ್ಪುಗಳ ಅಡಿಯಲ್ಲಿ ಕೆಸರು ನಿಂತು ತುಕ್ಕು ಒಳಗೊಳಗೇ ಕೊರೆಯುವುದು. ಸಮತಟ್ಟಿನಲ್ಲಿ ಮೆಲ್ಲಗೆ ಓಡಿಸುವಾಗ ಬ್ರೇಕನ್ನು ಬಲವಾಗಿ ತುಳಿಯುವ ಪ್ರಸಂಗ ಬರುವುದಿಲ್ಲವಾದುದರಿಂದ ಸವೆದ ಕೊಳವೆಯೂ ತಡೆದುಕೊಂಡಿರುವುದು. ಇಳಿಜಾರಿನ ತಿರುವಿನಲ್ಲಿ ಪೂರ್ಣ ಬಲದಿಂದ ತುಳಿದಾಗಲೇ ಅದು ಒಡೆಯುವುದು. ಹಳೆಯ ಮಾದರಿಯ ಜೀಪುಗಳಲ್ಲಿ ನಾಲ್ಕು ಗಾಲಿಗಳ ಬ್ರೇಕಿಗೂ ಎಣ್ಣೆಯ ದಾರಿ ಒಂದೇ. ಒಂದು ಕಡೆ ಒಡೆದರೆ ನಾಲ್ಕೂ ಹೋದವು. ಕೈಬ್ರೇಕಿನ ತಂತಿಯೂ ತುಕ್ಕಿನಿಂದ ಬಿಗಿದುಕೊಂಡಿದ್ದರೆ ಚಾಲಕನ ಕೈಯಲ್ಲಿ ಉಳಿಯುವುದು ಗೇರು ಮಾತ್ರ. ಇಂತಹ ಕೊಳವೆಯು ತೋಟದ ಗೇಟಿನ ಬಳಿ ಒಡೆದರೆ ಅದು ಪುಣ್ಯ. ಆಳುಗಳನ್ನು ಕೂರಿಸಿಕೊಂಡು ಘಾಟಿಯನ್ನಿಳಿಯುವಾಗ ಒಡೆದರೆ ಆಗುವುದನ್ನು ಇಲ್ಲಿ ಬರೆಯಬೇಕಾಗಿಲ್ಲ.

ಕೊಳವೆಯ ಮೇಲಿನ ಮಣ್ಣನ್ನು ಒರೆಸಿದಾಗ ಮೈ ನಯವಾಗಿದ್ದರೆ ಚಿಂತೆಯಿಲ್ಲ. ಹುರುಪೆಯೆದ್ದು ಕುಳಿಬಿದ್ದಿದ್ದರೆ ಅದನ್ನು ಬಳಿದು ಮುಚ್ಚದೆ ಬದಲಾಯಿಸಿಯೇ ತೀರತಕ್ಕದ್ದು. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರುವ ಸ್ವಭಾವವುಳ್ಳದ್ದು. ಹಳೆಯದಾದಷ್ಟೂ ಒಳಗಿನಿಂದ ತುಕ್ಕಿಗೆ ಕಾರಣವಾಗುವುದು. ಎರಡು ವರ್ಷಕ್ಕೊಮ್ಮೆಯಾದರೂ ಹೊಸ ಎಣ್ಣೆಯನ್ನು ತುಂಬಿಸುವುದು ಮಲೆನಾಡಿನಲ್ಲಿ ಅವಶ್ಯಕ.

ಆಮೇಲೆ ಚಾಸಿಯ ಪೆಟ್ಟಿಗೆಯಾಕಾರದ ಭಾಗಗಳು. ಇವುಗಳ ಒಳಕ್ಕೆ ಹೋದ ನೀರು ಹೊರಬರಲು ಅಡಿಯಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ಕೆಸರು ಈ ರಂಧ್ರಗಳನ್ನು ಮುಚ್ಚಿದರೆ ಚಾಸಿಯೇ ನೀರಿನ ತೊಟ್ಟಿಯಾಗುವುದು. ಸ್ಪ್ರಿಂಗು ಪಟ್ಟೆಗಳನ್ನು ಚಾಸಿಗೆ ಕೂಡಿಸುವ ಸ್ಥಳ, ಪೆಟ್ರೋಲು ಅಥವಾ ಡೀಸೆಲ್ ಟ್ಯಾಂಕನ್ನು ಹಿಡಿದಿರುವ ಪಟ್ಟಿಯ ಒಳಮೈ, ಮಡ್‌ಗಾರ್ಡಿನ ಅಂಚು, ಕಾಲಿಡುವ ಚಾಪೆಯ ಕೆಳಗಿನ ತಗಡು ಇವು ಅನಂತರ ನೋಡತಕ್ಕವು.

ಸೈಲೆನ್ಸರಿನ ವಿಚಾರವೇ ಬೇರೆ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರು ನೀರು ಆವಿಯಾಗಿ ಹುಟ್ಟುವುದು. ದೂರದ ಪ್ರಯಾಣದಲ್ಲಿ ಸೈಲೆನ್ಸರು ಕಾದು ಆ ಆವಿಯು ಹೊರಟುಹೋಗುವುದು. ಮನೆಯಿಂದ ಕಣಕ್ಕೆ, ಕಣದಿಂದ ಲೈನಿಗೆ ಎಂದು ಎರಡೆರಡು ಫರ್ಲಾಂಗು ಓಡಿಸಿ ನಿಲ್ಲಿಸುವ ವಾಹನದಲ್ಲಿ ಅದು ಒಳಗೇ ನೀರಾಗಿ ನಿಂತು ತಗಡನ್ನು ತಿನ್ನುವುದು. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆಯ ಓಟವನ್ನು ಕೊಡುವುದೇ ಇದಕ್ಕೆ ಪರಿಹಾರ.

ಮಳೆಗೆ ಮುಂಚೆ ಮಾಡತಕ್ಕ ಕೆಲಸ

ಈ ಕೆಲಸಕ್ಕೆ ತಕ್ಕ ಕಾಲವು ಮೇ ತಿಂಗಳು. ರೋಹಿಣಿ ಮಳೆಗೆ ಮೊದಲೇ ಮುಗಿಸತಕ್ಕದ್ದು. ತೇವದ ಕಬ್ಬಿಣಕ್ಕೆ ಬಳಿದ ಯಾವ ಬಣ್ಣವೂ ನಿಲ್ಲದು.

ಮೊದಲು ಅಡಿಭಾಗವನ್ನು ಚೆನ್ನಾಗಿ ತೊಳೆಯಬೇಕು. ತೋಟದಲ್ಲಿ ಔಷಧ ಹೊಡೆಯುವ ಪವರ್ ಸ್ಪ್ರೇಯರನ್ನೇ ಇದಕ್ಕೆ ಉಪಯೋಗಿಸಬಹುದು. ಆದರೆ ಪಂಪು, ಪೈಪು, ಗನ್ನುಗಳಲ್ಲಿ ಮೈಲುತುತ್ತದ ಅಂಶವು ಉಳಿಯದಂತೆ ಮೂರಾವರ್ತಿ ಶುದ್ಧ ನೀರನ್ನು ಹಾಯಿಸಿದ ಮೇಲೆಯೇ ಉಪಯೋಗಿಸತಕ್ಕದ್ದು. ನೀರಿನ ಧಾರೆಯನ್ನು ಬೇರಿಂಗು, ರಬ್ಬರಿನ ಮುಸುಕು ಮತ್ತು ವಿದ್ಯುತ್ತಿನ ತಂತಿಗಳ ಜೋಡಣೆಗಳ ಮೇಲೆ ನೇರವಾಗಿ ಬಿಡಬಾರದು. ಬಳಿಕ ಎರಡು ದಿವಸ ಬಿಸಿಲಿನಲ್ಲಿ, ಚಾಪೆಗಳನ್ನು ತೆಗೆದು, ಒಣಗಿಸಬೇಕು.

ಅನಂತರ ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ಮೆಲ್ಲಗೆ ತಟ್ಟಿ ನೋಡಬೇಕು. ಗಟ್ಟಿಯಾದ ಕಬ್ಬಿಣವು ಗಂಟೆಯಂತೆ ದನಿಗೊಡುವುದು; ತುಕ್ಕು ತಿಂದ ಕಬ್ಬಿಣದ ಶಬ್ದವು ಮಂಕಾಗಿರುವುದು. ಸ್ಕ್ರೂಡ್ರೈವರಿನ ತುದಿ ಒಳಕ್ಕೆ ಇಳಿಯುವ ಕಡೆ ಬಣ್ಣವು ವ್ಯರ್ಥ. ಅಲ್ಲಿಯ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಿಸಬೇಕು. ಚಾಸಿಯ ಮುಖ್ಯ ತೊಲೆಗಳ ಬೆಸುಗೆಯನ್ನು ಅನುಭವಸ್ಥರಾದ ಕೆಲಸಗಾರರಿಂದ ಮಾತ್ರ ಮಾಡಿಸತಕ್ಕದ್ದು. ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿಯನ್ನು ಕಳಚಬೇಕು. ಇಂಧನದ ಟ್ಯಾಂಕಿನ ಹತ್ತಿರ ಬೆಂಕಿಯನ್ನು ತರಲೇಬಾರದು.

ಸಡಿಲವಾದ ತುಕ್ಕನ್ನು ತಂತಿಯ ಬ್ರಷ್ಷಿನಿಂದ ಉಜ್ಜಿ ತೆಗೆದರೂ ಕುಳಿಗಳಲ್ಲಿ ಸ್ವಲ್ಪ ಉಳಿಯುವುದು. ಇದನ್ನು ಸ್ಥಿರಗೊಳಿಸುವ ದ್ರಾವಣಗಳು ಬಣ್ಣದ ಅಂಗಡಿಗಳಲ್ಲಿ ದೊರೆಯುವುವು. ಅವುಗಳಲ್ಲಿ ಕೆಲವು ಫಾಸ್ಫಾರಿಕ್ ಆಮ್ಲದವು, ಕೆಲವು ಟ್ಯಾನಿನ್ನಿನವು. ಅಡಿಕೆ ಸುಲಿಯುವ ಕತ್ತಿಯು ಚೊಗರಿನಿಂದ ಕಪ್ಪಾಗುವುದನ್ನು ನಾವೆಲ್ಲರೂ ಕಂಡಿದ್ದೇವೆ. ಚೊಗರಿನ ಟ್ಯಾನಿನ್ನು ಕಬ್ಬಿಣದೊಡನೆ ಸೇರಿ ಆ ಕಪ್ಪು ವಸ್ತುವಾಗುವುದು. ಈ ದ್ರಾವಣಗಳ ತತ್ತ್ವವೂ ಅದೇ. ಆದರೆ ಚೊಗರನ್ನೇ ತಂದು ಬಳಿಯತಕ್ಕದ್ದಲ್ಲ. ಅದರಲ್ಲಿರುವ ಇತರ ವಸ್ತುಗಳು ಬಣ್ಣವು ಹಿಡಿಯದಂತೆ ಮಾಡುವುವು.

ದ್ರಾವಣವು ಒಣಗಿದ ಮೇಲೆ ರೆಡ್ ಆಕ್ಸೈಡು ಅಥವಾ ಸತುವು ಸೇರಿದ ಪ್ರೈಮರನ್ನು ಎರಡಾವರ್ತಿ ಬಳಿದು, ಪ್ರತಿಯೊಂದು ಪದರವೂ ಪೂರ್ಣವಾಗಿ ಆರಿದ ನಂತರ, ಅಡಿಭಾಗಕ್ಕೆಂದೇ ಮಾರುವ ಡಾಂಬರಿನ ಅಥವಾ ರಬ್ಬರಿನ ಕಪ್ಪು ಲೇಪವನ್ನು ಕೊಡತಕ್ಕದ್ದು. ಚಾಸಿಯ ಒಳಭಾಗಕ್ಕೆ ಬ್ರಷ್ಷು ಹೋಗದಾದುದರಿಂದ ಅಲ್ಲಿ ಮೇಣದ ಲೇಪವನ್ನು ಉದ್ದನೆಯ ಕೊಳವೆಯಿಂದ ಸಿಂಪಡಿಸಬೇಕು. ಮೇಣವು ಗಟ್ಟಿಯಾಗದೆ ಸ್ವಲ್ಪ ಅಂಟಾಗಿಯೇ ಉಳಿದು ಸಂದುಗಳಿಗೆ ಹರಿಯುವುದರಿಂದ ಬಿರುಕು ಬಿಡದು. ಇದನ್ನು ವರ್ಷಕ್ಕೊಮ್ಮೆ ಪುನಃ ಸಿಂಪಡಿಸಬೇಕಾಗುವುದು. ಕೊನೆಯಲ್ಲಿ ನೀರು ಹೊರಬರುವ ರಂಧ್ರಗಳೆಲ್ಲವನ್ನೂ ತಂತಿಯಿಂದ ಚುಚ್ಚಿ ತೆರೆದಿದೆಯೇ ಎಂದು ನೋಡತಕ್ಕದ್ದು.

ಕೆಳಗೆ ಮಲಗಿ ಕೆಲಸಮಾಡುವವರು ಜಾಕನ್ನೊಂದನ್ನೇ ನಂಬಿ ಒಳಕ್ಕೆ ಹೋಗಕೂಡದು. ದಪ್ಪನೆಯ ಮರದ ದಿಮ್ಮಿಗಳನ್ನು ಚಾಸಿಗೆ ಆನಿಸಿ, ಗಾಲಿಗಳಿಗೆ ಅಡ್ಡಗಲ್ಲನ್ನಿಟ್ಟು, ಕಣ್ಣಿಗೆ ಕನ್ನಡಕವನ್ನು ಧರಿಸಿಯೇ ಹೋಗಬೇಕು.

ಮಾಡಬಾರದ ಕೆಲಸಗಳು

ಇಂಜಿನಿನಿಂದ ತೆಗೆದ ಹಳೆಯ ಎಣ್ಣೆಯನ್ನು ಅಡಿಭಾಗಕ್ಕೆ ಬಳಿಯುವುದು ಬಹುಕಾಲದಿಂದ ಬಂದಿರುವ ಅಭ್ಯಾಸ. ಖರ್ಚಿಲ್ಲವೆಂಬುದೇ ಇದರ ಗುಣ, ದೋಷಗಳು ಹಲವು. ಅದು ರಬ್ಬರಿನ ಬುಷ್ಷುಗಳನ್ನು ಉಬ್ಬಿಸಿ ಕೆಡಿಸುವುದು. ಬ್ರೇಕಿನ ಪಟ್ಟಿಗೆ ತಗುಲಿದರೆ ಬ್ರೇಕು ಹಿಡಿಯದು. ಮೈಗೆ ಹತ್ತಿದರೆ ಚರ್ಮಕ್ಕೆ ಹಾನಿಕರ. ಮೊದಲನೆಯ ಮಳೆಗೇ ತೊಳೆದುಹೋಗಿ ಹಳ್ಳವನ್ನು ಸೇರುವುದು. ತುಂಗಾ, ಭದ್ರಾ, ನೇತ್ರಾವತಿಗಳು ಗಂಗಾಮೂಲದ ಬೆಟ್ಟದಲ್ಲಿಯೂ ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿಯೂ ಹುಟ್ಟುವುವು. ನೀರಿನ ತಲೆಯಲ್ಲಿ ವಾಸಿಸುವ ನಾವು ಹಳ್ಳಕ್ಕೆ ಬಿಟ್ಟದ್ದನ್ನು ಕೆಳಗಿನ ಊರಿನವರು ಕುಡಿಯಬೇಕಾಗುವುದೆಂಬುದನ್ನು ಮರೆಯಬಾರದು.

ತುಕ್ಕನ್ನು ಉಜ್ಜದೆ ಅದರ ಮೇಲೆಯೇ ದಪ್ಪನಾಗಿ ಡಾಂಬರನ್ನು ಬಳಿಯುವುದು ಇನ್ನೊಂದು ತಪ್ಪು. ಲೇಪದ ಕೆಳಗೆ ನೀರು ಸಿಕ್ಕಿಕೊಂಡು ತುಕ್ಕು ಮರೆಯಲ್ಲಿ ಬೆಳೆಯುವುದು. ಮಾರಾಟಕ್ಕಿಟ್ಟ ಹಳೆಯ ವಾಹನದ ಅಡಿಯು ಹೊಸ ಕಪ್ಪು ಬಣ್ಣದಿಂದ ಹೊಳೆಯುತ್ತಿದ್ದರೆ ಕೊಳ್ಳುವವರು ಸಂತೋಷಪಡದೆ ಸುತ್ತಿಗೆಯಿಂದ ತಟ್ಟಿ ನೋಡುವುದು ಲೇಸು. ಸೈಲೆನ್ಸರು, ಬ್ರೇಕಿನ ಡ್ರಮ್ಮು ಮತ್ತು ಡಿಸ್ಕು, ರಬ್ಬರಿನ ಪೈಪು, ತಿರುಗುವ ಷಾಫ್ಟು ಇವುಗಳಿಗೆ ಲೇಪವು ತಗುಲಬಾರದು.

ಒದ್ದೆಯಾದ ವಾಹನವನ್ನು ಗಾಳಿಯಾಡದ ಕೋಣೆಯಲ್ಲಿ ಮುಚ್ಚಿಡುವುದಕ್ಕಿಂತ, ಎರಡು ಕಡೆ ತೆರೆದಿರುವ ಮಾಡಿನ ಕೆಳಗೆ ಕಲ್ಲುಹಾಸಿನ ಮೇಲೆ ನಿಲ್ಲಿಸುವುದು ಮೇಲು. ಹುಲ್ಲಿನ ಮೇಲೆ ನಿಂತ ವಾಹನಕ್ಕೆ ನೆಲದ ತೇವವು ಹಗಲೂ ರಾತ್ರಿಯೂ ಏರುತ್ತಿರುವುದು. ಗೊಬ್ಬರದ ಉಗ್ರಾಣವೂ ದನದ ಕೊಟ್ಟಿಗೆಯೂ ವಾಹನದ ನೆರೆಹೊರೆಯಾಗಿರಕೂಡದು.

ಮಳೆಗಾಲದ ಎಚ್ಚರಿಕೆ ಮತ್ತು ಆಯುಧಪೂಜೆ

ಗೊಬ್ಬರವನ್ನು ತರುವಾಗ ಕೆಳಗೆ ಹರಿಯದ ಟಾರ್ಪಾಲನ್ನು ಹಾಸತಕ್ಕದ್ದು. ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮುಚ್ಚಳವನ್ನು ಬಿಗಿದು ಸಾಗಿಸತಕ್ಕದ್ದು. ಇವುಗಳನ್ನಿಳಿಸಿದ ದಿನವೇ, ಮೊದಲು ಒಣಗೊಬ್ಬರವನ್ನು ಗುಡಿಸಿ ತೆಗೆದು ತೋಟಕ್ಕೆ ಹಾಕಿ, ಆಮೇಲೆ ಧಾರಾಳವಾಗಿ ನೀರನ್ನು ಬಿಡಬೇಕು. ಮಂಗಳೂರಿನಿಂದ ಬಂದ ಮಾರನೆಯ ದಿನವೂ ಹಾಗೆಯೇ. ಜೋರು ಮಳೆಯಲ್ಲಿ ಓಡಿಸಿದರೆ ಅಡಿಭಾಗವು ತಾನೇ ತೊಳೆದುಹೋಗುವುದೆಂಬ ನಂಬಿಕೆ ಸರಿಯಲ್ಲ. ಸಂದುಗಳಲ್ಲಿ ಗೂಡುಕಟ್ಟಿದ ಕೆಸರನ್ನು ಕೈಯಿಂದಲೇ ತೆಗೆಯಬೇಕು.

ಮಳೆ ಕಡಿಮೆಯಾಗುವ ಕಾಲಕ್ಕೆ ಸರಿಯಾಗಿ ಆಯುಧಪೂಜೆ ಬರುವುದು. ಅಂದು ವಾಹನವನ್ನು ತೊಳೆದು, ಬಾಳೆಕಂದು ಕಟ್ಟಿ, ನಿಂಬೆಹಣ್ಣನ್ನಿಟ್ಟು ಪೂಜಿಸುವುದು ನಮ್ಮ ಸಂಪ್ರದಾಯ. ಪೂಜೆಗೆ ಮುಂಚೆ ಒಂದು ದೀಪವನ್ನು ಹಿಡಿದು ಅಡಿಭಾಗವನ್ನೂ ಪರೀಕ್ಷಿಸಿ, ಮಳೆಗಾಲದಲ್ಲಿ ಕಿತ್ತುಹೋದ ಲೇಪವನ್ನು ಗುರುತುಹಾಕಿಕೊಂಡು, ಬ್ರೇಕಿನ ಕೊಳವೆಗಳನ್ನು ಒರೆಸಿ ನೋಡುವ ಪದ್ಧತಿಯನ್ನು ಪ್ರತಿಯೊಂದು ಮನೆಯಲ್ಲಿಯೂ ಇಟ್ಟುಕೊಂಡರೆ, ಆಯುಧಕ್ಕೆ ಅದಕ್ಕಿಂತ ಹೆಚ್ಚಿನ ಪೂಜೆಯಿಲ್ಲ.

ಗ್ರಾಮದ ಮುಖಂಡರಿಗೆ ಒಂದು ಸೂಚನೆ

ದೊಡ್ಡ ಹಿಡುವಳಿದಾರರು ತಮ್ಮ ಷೆಡ್ಡಿನಲ್ಲಿಯೇ ಈ ಕೆಲಸವನ್ನು ಮಾಡಿಸಬಲ್ಲರು. ಎರಡು ಮೂರು ಎಕರೆಯ ಬೆಳೆಗಾರನಿಗೂ ಬಾಡಿಗೆಗೆ ಜೀಪನ್ನೋಡಿಸುವವನಿಗೂ ಆ ಅನುಕೂಲವಿರುವುದಿಲ್ಲ. ಆದರೆ ಶಾಲೆಯ ಮಕ್ಕಳೂ ರೋಗಿಗಳೂ ಆಳುಗಳೂ ಪ್ರಯಾಣಮಾಡುವುದು ಹೆಚ್ಚಾಗಿ ಇಂತಹವರ ವಾಹನಗಳಲ್ಲಿಯೇ. ಆದುದರಿಂದ ಗ್ರಾಮಕ್ಕೊಂದು ತೊಳೆಯುವ ಕಟ್ಟೆಯನ್ನು ಕಟ್ಟಿಸುವ ವಿಷಯವನ್ನು ಮುಖಂಡರು ಆಲೋಚಿಸಬೇಕು. ಗಾಲಿಗಳ ಅಂತರಕ್ಕೆ ಸರಿಯಾಗಿ ಎರಡು ಗಟ್ಟಿಯಾದ ಕಲ್ಲುಗೋಡೆಗಳು, ಹತ್ತಲು ಇಳಿಜಾರು, ಗಾಲಿಯು ಜಾರದಂತೆ ಅಂಚುಕಟ್ಟು, ನಡುವೆ ಮನುಷ್ಯನು ಬಗ್ಗಿ ನಿಲ್ಲುವಷ್ಟು ಸ್ಥಳ ಇಷ್ಟಿದ್ದರೆ ಸಾಕು. ಹಳ್ಳದಿಂದಲೂ ಕುಡಿಯುವ ನೀರಿನ ಬಾವಿಯಿಂದಲೂ ದೂರವಾಗಿ ಕಟ್ಟಿ, ತೊಳೆದ ನೀರನ್ನು ಮರಳು ತುಂಬಿದ ಇಂಗುಗುಂಡಿಗೆ ಬಿಡಬೇಕು. ಮೇ ತಿಂಗಳಿನಲ್ಲಿ ಒಬ್ಬ ನುರಿತ ಮೆಕ್ಯಾನಿಕನನ್ನು ಎರಡು ದಿವಸ ಕರೆಸಿ ಊರಿನ ಎಲ್ಲ ವಾಹನಗಳ ಬ್ರೇಕಿನ ಕೊಳವೆಗಳನ್ನು ನೋಡಿಸಿದರೆ, ತಲೆಗೊಂದಿಷ್ಟು ಬೀಳುವ ಖರ್ಚು ಅತ್ಯಲ್ಪ.

ನೆನಪಿನಲ್ಲಿಡತಕ್ಕ ಅಂಶಗಳು

೧. ಗೊಬ್ಬರ, ಮೈಲುತುತ್ತ, ಮೀನು, ಉಪ್ಪು ಇವುಗಳನ್ನು ಸಾಗಿಸಿದ ದಿನವೇ ವಾಹನವನ್ನು ತೊಳೆಯತಕ್ಕದ್ದು.

೨. ರೋಹಿಣಿ ಮಳೆಗೆ ಮೊದಲು ತೊಳೆದು, ಒಣಗಿಸಿ, ಉಜ್ಜಿ, ಲೇಪವನ್ನು ಕೊಡತಕ್ಕದ್ದು. ಈ ಕ್ರಮವನ್ನು ಹಿಂದುಮುಂದು ಮಾಡಬಾರದು.

೩. ನೀರು ಹೊರಡುವ ರಂಧ್ರಗಳನ್ನು ಸದಾ ತೆರೆದಿಡತಕ್ಕದ್ದು.

೪. ಕುಳಿಬಿದ್ದ ಬ್ರೇಕಿನ ಕೊಳವೆಯನ್ನು ಬದಲಾಯಿಸದೆ ಘಾಟಿಯನ್ನಿಳಿಯಕೂಡದು.

೫. ಹಳೆಯ ಇಂಜಿನ್ ಎಣ್ಣೆಯನ್ನು ಬಳಿಯಬಾರದು, ಹಳ್ಳಕ್ಕೂ ಬಿಡಬಾರದು.

೬. ಆಯುಧಪೂಜೆಯಂದು ಅಡಿಭಾಗವನ್ನು ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಎಲೆಯ ತುಕ್ಕು ಬಂದರೆ ಒಂದು ವರ್ಷದ ಫಸಲು ಹೋದೀತು. ಮುಂದಿನ ವರ್ಷ ಗಿಡವು ಚಿಗುರುವುದು. ಕಬ್ಬಿಣಕ್ಕೆ ಚಿಗುರುವ ಶಕ್ತಿಯಿಲ್ಲ. ಆ ಕಬ್ಬಿಣವನ್ನು ನಂಬಿ ಘಾಟಿಯನ್ನಿಳಿಯುವವರು ನಮ್ಮ ಮನೆಯವರೂ ನಮ್ಮ ಆಳುಗಳೂ ಆಗಿರುತ್ತಾರೆ. ಆದಕಾರಣ ಈ ವರ್ಷದ ಮಳೆಗೆ ಮುಂಚೆಯೇ ಪ್ರತಿಯೊಬ್ಬರೂ ತಮ್ಮ ವಾಹನದ ಕೆಳಗೆ ಒಮ್ಮೆ ಬಗ್ಗಿ ನೋಡಬೇಕಾಗಿ ಪ್ರಾರ್ಥನೆ.